ನೆಟ್ ಹೋದ ದಿನಕ್ಕೊಂದು ಪೆಟ್ಟಿಗೆ

ಟಿವಿ ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ಮೂರೇ ಮಾತು: ಎಷ್ಟು ಇಂಚು, 4ಕೆ ಹೌದಾ, ತಿಂಗಳಿಗೆ ಕಂತು ಎಷ್ಟು. ‘ಅಣ್ಣ, ಮಗಳ ಮದುವೆ ಪೆನ್‌ಡ್ರೈವ್ ಐತೆ, ಇದ್ರಲ್ಲಿ ಓಡ್ತದಾ?’ ಎಂದು ಕೇಳುವವರು ಕಡಿಮೆ. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಅದೇ.

ಟಿವಿಯ ಬೆನ್ನಿಗೆ ಸಿಕ್ಕಿಸುವ ಸ್ಟಿಕ್, ಅಂಗೈಯಗಲದ ಆಂಡ್ರಾಯ್ಡ್ ಬಾಕ್ಸ್, ಸ್ಮಾರ್ಟ್ ಟಿವಿಯೊಳಗೇ ಕೂತಿರುವ ಸಾಫ್ಟ್‌ವೇರ್, ಇವೆಲ್ಲವೂ ಮೀಡಿಯಾ ಪ್ಲೇಯರ್‌ಗಳೇ. ಜಾಹೀರಾತಿನಲ್ಲಿ ಇವು ನೆಟ್ ಎಂದೂ ಕಡಿಯದ ಊರಿನಲ್ಲಿ ಓಡುತ್ತವೆ. ನಮ್ಮ ಕಡೆ ನೆಟ್ ಕಡಿಯುತ್ತದೆ, ಕರೆಂಟ್ ಹೋಗುತ್ತದೆ, ರೀಚಾರ್ಜ್ ಮುಗಿದದ್ದು ಧಾರಾವಾಹಿಯ ನಡುವೆ ಗೊತ್ತಾಗುತ್ತದೆ. ಎಲ್ಲ ಸರಿಯಿರುವ ದಿನ ಯಾವ ಪೆಟ್ಟಿಗೆಯಾದರೂ ನಡೆಯುತ್ತದೆ. ದುಡ್ಡು ಕೊಡಬೇಕಾದದ್ದು ಎಲ್ಲ ಕೈಕೊಟ್ಟ ದಿನವೂ ಏನಾದರೊಂದು ತೋರಿಸುವ ಪೆಟ್ಟಿಗೆಗೆ.

ಡಿಶ್, ಟವರ್, ಫೈಬರ್

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರಿಗೆ ಕಾಫಿ, ಮಂಜು, ಹೋಂಸ್ಟೇ. ಕಡೂರಿಗೆ ಅದರ ಪಾಲು ಅಷ್ಟಕ್ಕಷ್ಟೆ. ಇದು ತೆಂಗು, ರಾಗಿಯ ಬಯಲು. ಮಳೆ ತಪ್ಪಿದ ವರ್ಷ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಹುಡುಕಬೇಕಾದ ಹೆಸರು. ಈಚೆಗಷ್ಟೇ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಹೊಲ, ಅಮೃತ ಮಹಲ್ ದನಗಳ ಕಾವಲು. ತರೀಕೆರೆಗೆ ಒಂದು ಕಾಲು ಬಯಲಲ್ಲಿ, ಇನ್ನೊಂದು ಮಲೆನಾಡಲ್ಲಿ. ಅಡಿಕೆ ತೋಟಗಳ ನಡುವೆ ಸಾಗಿ ಲಿಂಗದಹಳ್ಳಿ ದಾಟಿದರೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಏರು. ಮನೆಗೆ ವಿಡಿಯೊ ಬರುವ ದಾರಿಯೂ ಈ ನೆಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ.

ಬೆಟ್ಟದಡಿಯ ಮನೆಗೆ ಮೊಬೈಲ್ ಟವರ್ ಸಿಗುವುದು ಕಷ್ಟ, ಡಿಶ್ ಮಾತ್ರ ಸಲೀಸು. ಕಾರಣ ಸರಳ. ದೂರದರ್ಶನದ ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿ ನಿಂತಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಊರುಗಳಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಹೆಚ್ಚುಕಡಿಮೆ 64 ಡಿಗ್ರಿ ಎತ್ತರದಲ್ಲಿದೆ. ಎಂದರೆ ನೆತ್ತಿಯ ಕಡೆಗೇ ಹತ್ತಿರ. ಬಾಬಾಬುಡನ್ ಸಾಲು ಇರುವುದು ಪಶ್ಚಿಮಕ್ಕೆ, ಡಿಶ್ಶಿನ ಬೆನ್ನಿಗೆ. ಹೀಗಾಗಿ ಬೆಟ್ಟ ಅದಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅಂಗಳದ ತೆಂಗಿನ ಮರ ಮತ್ತು ಆಷಾಢದ ದಪ್ಪ ಮಳೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಡಿಶ್ಶಿಗೂ ಡಬ್ಬಕ್ಕೂ ಒಮ್ಮೆ ದುಡ್ಡು ಕೊಟ್ಟರೆ ಚಂದನ ಬಂತು. ಹೊಸ ಪೆಟ್ಟಿಗೆ ತಂದವರು ಹಳೆಯ ಡಿಶ್ ಕಿತ್ತು ಗುಜರಿಗೆ ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಟಿವಿಯ ಒಂದು ಪಿನ್ನು ಅದಕ್ಕೆ ಮೀಸಲಿರಲಿ.

ಮೊಬೈಲ್ ಹಾಟ್‌ಸ್ಪಾಟ್ ಇದ್ದರೆ ಸಾಕು ಎನ್ನುವವರು ಕೂಡಿಸಿ ಕಳೆದು ನೋಡಬೇಕು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ 3 ಜಿಬಿವರೆಗೆ ನುಂಗುತ್ತದೆ, 4ಕೆ ಆದರೆ 7 ಜಿಬಿ. ಕನ್ನಡ ಸಿನಿಮಾ ಎಂದರೆ ಎರಡೂವರೆ ಗಂಟೆ, ಏಳೂವರೆ ಜಿಬಿ. ದಿನಕ್ಕೆ 2 ಜಿಬಿಯ ಪ್ಯಾಕ್ ನಲವತ್ತು ನಿಮಿಷಕ್ಕೆ ಖಾಲಿ. ಹೀರೊ ಎಂಟ್ರಿ ಆಗಿ, ಹೀರೊಯಿನ್ ಜತೆ ಜಗಳ ಮುಗಿದು, ಮೊದಲ ಹಾಡು ಶುರುವಾಗುವ ಹೊತ್ತಿಗೆ ಚಕ್ರ ಸುತ್ತಲು ಕೂರುತ್ತದೆ. ಗುಣಮಟ್ಟವನ್ನು ಸಾಧಾರಣಕ್ಕೆ ಇಳಿಸಿದರೆ ಗಂಟೆಗೆ 1 ಜಿಬಿಯ ಆಸುಪಾಸು. 32 ಇಂಚಿನ ಟಿವಿಗೆ ಅದು ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಪೆಟ್ಟಿಗೆ ಯಾವುದೇ ಇರಲಿ, ಸೆಟ್ಟಿಂಗ್ಸ್‌ನಲ್ಲಿ ಡೇಟಾ ಮಿತಿಗೊಳಿಸುವ ಆಯ್ಕೆ ಇದೆಯೇ ಎಂದು ನೋಡಿಕೊಳ್ಳಿ.

ಫೈಬರ್ ಬಂದಿರುವ ಊರುಗಳಲ್ಲಿ ಲೆಕ್ಕ ಬೇರೆ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ವೇಗ ಸಾಕು. 30 ಎಂಬಿಪಿಎಸ್‌ನ ಸಣ್ಣ ಪ್ಯಾಕಿನಲ್ಲೇ ಎರಡು ಟಿವಿ ಓಡಿಸಬಹುದು. ತೊಂದರೆ ಇರುವುದು ವೇಗದಲ್ಲಲ್ಲ, ತಂತಿಯಲ್ಲಿ. ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ಮೇಲೆ ಅಡಿಕೆ ಸೋಗೆ ಬೀಳುತ್ತದೆ. ಬೆಂಗಳೂರು–ಹೊನ್ನಾವರ ಹೆದ್ದಾರಿಯ ತುಮಕೂರು–ಶಿವಮೊಗ್ಗ ಭಾಗವನ್ನು ನಾಲ್ಕು ಪಥ ಮಾಡುವ ಕೆಲಸ ವರ್ಷಗಟ್ಟಲೆ ನಡೆದ ಸೀಮೆ ಇದು. ಜೆಸಿಬಿ ಒಮ್ಮೆ ಬಾಯಿ ಹಾಕಿತೆಂದರೆ ಊರಿಗೆ ಊರೇ ನೆಟ್ ಇಲ್ಲದೆ ಕೂರಬೇಕು. ಕೇಬಲ್‌ನವನ ಫೋನ್ ಆಗ ಸ್ವಿಚ್ ಆಫ್ ಆಗಿದ್ದರೆ ಅವನನ್ನು ಬೈದು ಫಲವಿಲ್ಲ. ಆ ದಿನ ನಾವಾಗಿದ್ದರೂ ಹಾಗೇ ಮಾಡುತ್ತಿದ್ದೆವು.

ವಿಸಿಪಿಯಿಂದ ಪೆನ್‌ಡ್ರೈವಿಗೆ

ನೆಟ್ ಇಲ್ಲದೆ ಮನೆಯಲ್ಲಿ ಸಿನಿಮಾ ನೋಡುವುದು ನಮಗೇನೂ ಹೊಸದಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಪ್ರಸಾರ ಶುರು ಮಾಡಿದ್ದು 1981ರ ನವೆಂಬರ್ 1ರಂದು. ಅದರ ಹಿಂದೆಯೇ ಊರಿಗೆ ಬಂದದ್ದು ಬಾಡಿಗೆ ಕಲರ್ ಟಿವಿ ಮತ್ತು ವಿಸಿಪಿ. ಗಣಪತಿ ಕೂರಿಸಿದ ಪೆಂಡಾಲಿನ ಮುಂದೆ ಚಂದಾ ಎತ್ತಿ ಇಡೀ ರಾತ್ರಿಗೆ ಮೂರು ಸಿನಿಮಾ; ಕ್ಯಾಸೆಟ್ ಸಿಕ್ಕಿಕೊಂಡರೆ ಹೆಡ್ ಒರೆಸಲು ಒಬ್ಬ ತಜ್ಞ. ತೊಂಬತ್ತರ ದಶಕದ ಕೊನೆಗೆ ವಿಸಿಡಿ ಬಂತು. ಅದರ ಚಿತ್ರದ ಅಳತೆ 352×288 ಚುಕ್ಕೆ ಮಾತ್ರ, ಒಂದು ಸಿನಿಮಾಕ್ಕೆ ಎರಡು ಮೂರು ಸಿಡಿ. ಆದರೂ ಕ್ಯಾಸೆಟ್ಟಿನ ಹಾಗೆ ಬೂಷ್ಟು ಹಿಡಿಯುವುದಿಲ್ಲ ಎಂಬ ಒಂದೇ ಗುಣಕ್ಕೆ ಮನೆಮನೆ ಹೊಕ್ಕಿತು. ಆಮೇಲೆ ಡಿವಿಡಿ. ಅದರ ಮೂತಿಗೆ ಯುಎಸ್‌ಬಿ ಕಿಂಡಿ ಇಟ್ಟ ಚೀನಾ ಪ್ಲೇಯರ್‌ಗಳು ಬಂದ ದಿನ ತಟ್ಟೆಗಳ ಕಾಲ ಮುಗಿಯಿತು. ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ ‘ಡೌನ್‌ಲೋಡಿಂಗ್ ಮಾಡಿಕೊಡಲಾಗುತ್ತದೆ’ ಬೋರ್ಡು ತೂಗಿತು; ಮೆಮೊರಿ ಕಾರ್ಡಿಗೆ ನೂರು ಹಾಡು, ನಾಲ್ಕು ಸಿನಿಮಾ.

ಆ ಬೋರ್ಡಿನ ಬಗ್ಗೆ ಮುಚ್ಚುಮರೆ ಬೇಡ. ಅದು ಕಳ್ಳ ನಕಲು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಸಿನಿಮಾ ನಕಲು ಮಾಡಿ ಹಂಚುವುದಕ್ಕೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು. ದಂಡ ಶುರುವಾಗುವುದೇ 3 ಲಕ್ಷ ರೂಪಾಯಿಯಿಂದ. ಪೆನ್‌ಡ್ರೈವ್ ಓಡಿಸುವ ಪ್ಲೇಯರ್ ಬೇಕೆಂದು ನಾನು ಹೇಳುತ್ತಿರುವುದು ಅದಕ್ಕಲ್ಲ. ನಮ್ಮದೇ ವಿಡಿಯೊ ನಮ್ಮ ಮನೆಯಲ್ಲಿ ರಾಶಿ ಬಿದ್ದಿದೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ವೀರಗಾಸೆಯಲ್ಲಿ ಮಾವ ಹೇಳಿದ ಒಡಪು, ಅಂತರಘಟ್ಟೆ ಜಾತ್ರೆಯಲ್ಲಿ ದೂಳೆಬ್ಬಿಸಿಕೊಂಡು ಓಡುವ ಪಾನಕದ ಗಾಡಿಗಳು. ಇವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಫೋನಿನ ಆರು ಇಂಚಿನಲ್ಲಿ ಎರಡು ಸಲ ನೋಡಿ ಮರೆತುಬಿಟ್ಟಿದ್ದೇವೆ. ಅಜ್ಜಿಗೆ ಅಷ್ಟು ಚಿಕ್ಕದು ಕಾಣುವುದೂ ಇಲ್ಲ.

ಚಿತ್ರ ಉಂಟು, ಶಬ್ದ ಇಲ್ಲ

ಪೆನ್‌ಡ್ರೈವ್ ಚುಚ್ಚಿದಾಗ ಟಿವಿ ಮಾಡುವ ಹಠಗಳಲ್ಲಿ ನಾಲ್ಕು ಬಗೆ ಸಾಮಾನ್ಯ. ಪ್ರತಿಯೊಂದಕ್ಕೂ ಕಾರಣ ಬೇರೆ. ಕಾರಣ ಗೊತ್ತಿದ್ದರೆ ‘ಟಿವಿ ಹಾಳಾಗಿದೆ’ ಎಂದು ಮೆಕ್ಯಾನಿಕ್‌ಗೆ ಕೊಡುವ ದುಡ್ಡು ಉಳಿಯುತ್ತದೆ.

ಚಿತ್ರ ಬರುತ್ತದೆ, ತುಟಿ ಆಡುತ್ತದೆ, ಶಬ್ದ ಮಾತ್ರ ಇಲ್ಲ. ಸಿನಿಮಾ ಫೈಲುಗಳಲ್ಲಿ ಇದು ಹೆಚ್ಚು. ಶಬ್ದವನ್ನು ಡಿಟಿಎಸ್ ಎಂಬ ವಿಧಾನದಲ್ಲಿ ತುಂಬಿರುತ್ತಾರೆ. ಟಿವಿ ಕಂಪನಿ ಅದರ ಪರವಾನಗಿಗೆ ದುಡ್ಡು ಕಟ್ಟಿಲ್ಲದಿದ್ದರೆ ಟಿವಿ ಕಿವುಡು. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಇದನ್ನು ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಕೈಬಿಟ್ಟು 2023ರಲ್ಲಿ ಮತ್ತೆ ಸೇರಿಸಿಕೊಂಡಿತು. ಅಂದರೆ ಹಳೆಯ ಟಿವಿಯಲ್ಲಿ ಓಡುತ್ತಿದ್ದ ಫೈಲು ದುಬಾರಿ ಹೊಸ ಟಿವಿಯಲ್ಲಿ ಮೂಕವಾಗುವುದುಂಟು!

ಶಬ್ದ ಬರುತ್ತದೆ, ತೆರೆ ಕಪ್ಪು. ಇದು ಮದುವೆ ವಿಡಿಯೊಗಳ ರೋಗ. ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ವಿಧಾನಗಳಲ್ಲಿ ಎಚ್.264 ಹಳೆಯದು. 2003ರದು, ಎಲ್ಲ ಟಿವಿಗೂ ಪರಿಚಿತ. 2013ರ ಎಚ್.265 ಅದರ ಅರ್ಧ ಜಾಗದಲ್ಲಿ ಅಷ್ಟೇ ಚೆನ್ನಾದ ಚಿತ್ರ ಕೊಡುತ್ತದೆ, ಆದರೆ ಹಳೆಯ ಟಿವಿಗಳಿಗೆ ಅದು ಅರ್ಥವಾಗುವುದಿಲ್ಲ. 2018ರ ಎವಿ1 ಇನ್ನೂ ಹೊಸದು. ಇದರ ಮೇಲೆ ಕೆಲವು ಸ್ಟುಡಿಯೊದವರು ಕ್ಯಾಮೆರಾದಿಂದ ಇಳಿಸಿದ 10-ಬಿಟ್ ಫೈಲನ್ನು ಹಾಗೇ ತುಂಬಿ ಕೊಡುತ್ತಾರೆ. ಅದು ಎಡಿಟಿಂಗ್ ಕಂಪ್ಯೂಟರಿಗೆಂದು ಮಾಡಿದ ಸರಕು. ಎಚ್.264 ಎಂದು ಹೆಸರಿದ್ದರೂ ಬಹುತೇಕ ಟಿವಿ ಪೆಟ್ಟಿಗೆಗಳ ಚಿಪ್ ಅದನ್ನು ಬಿಡಿಸಲಾರದು.

ಮೂರನೆಯದು, ಮುಹೂರ್ತದ ಹೊತ್ತಿಗೆ ಸರಿಯಾಗಿ ವಿಡಿಯೊ ನಿಂತುಹೋಗುವುದು. ಎಫ್‌ಎಟಿ32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಮೂರು ಗಂಟೆಯ ಮದುವೆಯನ್ನು ಅದಕ್ಕೇ ತುಂಡು ಮಾಡಿರುತ್ತಾರೆ. ಮುಂದಿನ ತುಂಡು ಬೇರೆ ಹೆಸರಿನಲ್ಲಿ ಅಲ್ಲೇ ಇರುತ್ತದೆ, ಹುಡುಕಿ ನೋಡಿ. ನಾಲ್ಕನೆಯದು ಫೈಲಿನ ಹೆಸರಿನ ಜಾಗದಲ್ಲಿ ಬರೀ ಚೌಕ ಚೌಕ ಕಾಣುವುದು. ಹೆಸರು ಕನ್ನಡದಲ್ಲಿದ್ದು ಟಿವಿಯಲ್ಲಿ ಕನ್ನಡ ಅಕ್ಷರ ಇಲ್ಲದಿದ್ದರೆ ಹೀಗಾಗುತ್ತದೆ. ಕನ್ನಡಾಭಿಮಾನವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡುವುದೇ ದಾರಿ. ಕರ್ನಾಟಕದಲ್ಲಿ ಮಾರುವ ಟಿವಿಗೆ ಕನ್ನಡ ಓದಲು ಬರಬೇಕೆಂದು ಕಂಪನಿಗಳನ್ನು ಕೇಳುವುದು ಬೇರೆ ಮಾತು, ಕೇಳಲೇಬೇಕಾದ ಮಾತು.

ಇಲ್ಲೇ ಪ್ರತ್ಯೇಕ ಪ್ಲೇಯರ್‌ನ ಉಪಯೋಗ ಎದ್ದು ಕಾಣುವುದು. ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಇರುವ ಪೆಟ್ಟಿಗೆಗೆ ವಿಎಲ್‌ಸಿ, ಕೋಡಿ ಎಂಬ ಎರಡು ಉಚಿತ ಆ್ಯಪ್ ಹಾಕಿಕೊಂಡರೆ ಮೇಲಿನ ಹಠಗಳಲ್ಲಿ ಮೊದಲನೆಯದು ಮಾಯವಾಗುತ್ತದೆ. ಎರಡನೆಯದೂ ಬಹುಪಾಲು ಕಡಿಮೆಯಾಗುತ್ತದೆ. ಟಿವಿಯ ಚಿಪ್‌ಗೆ ಗೊತ್ತಿಲ್ಲದ್ದನ್ನು ಇವು ತಮ್ಮದೇ ಸಾಫ್ಟ್‌ವೇರಿನಿಂದ ಬಿಡಿಸುತ್ತವೆ. ವಿಎಲ್‌ಸಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಶುರು ಮಾಡಿದ್ದು, 2001ರಿಂದ ಎಲ್ಲರಿಗೂ ಮುಕ್ತ. 2022ರಲ್ಲಿ ಕೆಲವು ತಿಂಗಳು ಭಾರತದಲ್ಲಿ ಅದರ ಜಾಲತಾಣಕ್ಕೆ ತಡೆ ಬಿದ್ದಿತ್ತು, ಆ ವರ್ಷ ನವೆಂಬರಿನಲ್ಲಿ ತೆರವಾಯಿತು. ಕೋಡಿ ಮೂಲದಲ್ಲಿ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಬರೆದದ್ದು, 2014ರಲ್ಲಿ ಈಗಿನ ಹೆಸರು ಪಡೆಯಿತು. ಎರಡಕ್ಕೂ ನೆಟ್ ಬೇಕಾಗುವುದು ಹಾಕಿಕೊಳ್ಳುವಾಗ ಒಮ್ಮೆ ಮಾತ್ರ.

ಟಿವಿಯನ್ನು ತಿರುಗಿಸಿ ನೋಡಿ

ಪೆಟ್ಟಿಗೆ ಕೊಳ್ಳುವ ಮುನ್ನ ಟಿವಿಯ ಬೆನ್ನು ನೋಡಬೇಕು. ಜೇಡರ ಬಲೆ ಒರೆಸಿ, ಟಾರ್ಚ್ ಹಾಕಿ. ಚಪ್ಪಟೆಯಾಗಿ, ಕೆಳಗೆ ಎರಡೂ ಮೂಲೆ ಕತ್ತರಿಸಿದಂತಿರುವ ಕಿಂಡಿ ಎಚ್‌ಡಿಎಂಐ. ಇದ್ದರೆ ಯಾವ ಸ್ಟಿಕ್ಕಾದರೂ ಆದೀತು. ಹಳದಿ, ಬಿಳಿ, ಕೆಂಪು ದುಂಡು ಪಿನ್ನು ಮಾತ್ರ ಇದ್ದರೆ ಅದು ಹಳೆಯ ಡೂಮ್ ಟಿವಿಯ ಕಾಲದ್ದು. ನಡುವೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಸಣ್ಣ ಕನ್ವರ್ಟರ್ ಬೇಕಾಗುತ್ತದೆ. ಚಿತ್ರ ಸುಮಾರಾಗಿಯೇ ಬರುತ್ತದೆ. ಆ ಟಿವಿಗೆ ಅಷ್ಟು ದುಡ್ಡು ಸುರಿಯುವ ಬದಲು ಡಿಶ್ಶಿನಲ್ಲೇ ಮುಂದುವರಿಸುವುದು ಜಾಣತನ.

ಸ್ಟಿಕ್ಕಿಗೆ ಕರೆಂಟ್ ಎಲ್ಲಿಂದ? ಬಹಳ ಮಂದಿ ಟಿವಿಯ ಯುಎಸ್‌ಬಿ ಕಿಂಡಿಗೇ ಚುಚ್ಚುತ್ತಾರೆ. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು ಅರ್ಧ ಆಂಪಿಯರ್, ಎರಡೂವರೆ ವಾಟ್. ಸ್ಟಿಕ್ಕಿಗೆ ಬೇಕಾದದ್ದು ಅದರ ಎರಡರಷ್ಟು. ಲೋಗೊ ಬಂತು, ಆರಿತು, ಮತ್ತೆ ಬಂತು ಎಂದು ಗೋಳಾಡುವ ಸ್ಟಿಕ್ಕಿನ ಕಥೆ ಸಾಮಾನ್ಯವಾಗಿ ಇಷ್ಟೆ. ಜತೆಗೆ ಬಂದ ಅಡಾಪ್ಟರನ್ನು ಗೋಡೆಯ ಸ್ವಿಚ್‌ಬೋರ್ಡಿಗೇ ಹಾಕಬೇಕು. ವೋಲ್ಟೇಜ್ ಏರಿಳಿಯುವ ಕಡೆ ಟಿವಿ, ಸ್ಟಿಕ್, ವೈಫೈ ರೂಟರ್ ಮೂರಕ್ಕೂ ಒಳ್ಳೆಯ ಸ್ಪೈಕ್ ಗಾರ್ಡ್ ಬೇಕು. ಗುಡುಗು ಶುರುವಾದರೆ ಅದೂ ಸಾಲದು, ಪಿನ್ನು ಕೀಳುವುದೇ ಸೈ. ರೂಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ. ನನ್ನ ಪ್ರಕಾರ ದುಬಾರಿ ಪೆಟ್ಟಿಗೆಗಿಂತ ಮೊದಲು ಕೊಳ್ಳಬೇಕಾದದ್ದು ಅದು.

ಇನ್ನು 4ಕೆ. ಅದರಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳಿರುವುದು ನಿಜ. ಆದರೆ ಕಣ್ಣಿಗೂ ಒಂದು ಮಿತಿಯಿದೆ. 43 ಇಂಚಿನ ಟಿವಿಯನ್ನು ಆರಡಿಗಿಂತ ದೂರ ಕೂತು ನೋಡಿದರೆ ಸಾಧಾರಣ ಕಣ್ಣಿಗೆ ಫುಲ್ ಎಚ್‌ಡಿಯ ಚುಕ್ಕೆಗಳೇ ಬೇರೆಬೇರೆಯಾಗಿ ಕಾಣವು. ಹಾಗಿದ್ದ ಮೇಲೆ 4ಕೆಯಿಂದ ಸಿಗುವುದೇನು? ನಮ್ಮ ಹಜಾರಗಳಲ್ಲಿ ಟಿವಿ ಒಂದು ಗೋಡೆಗೆ, ದಿವಾನ ಎದುರು ಗೋಡೆಗೆ. ನಡುವೆ ಹತ್ತು ಹನ್ನೆರಡು ಅಡಿ. 32 ಇಂಚಿನ ಟಿವಿಗಳಲ್ಲಿ ಹೆಚ್ಚಿನವು ಫುಲ್ ಎಚ್‌ಡಿಯೂ ಅಲ್ಲ, 1366×768ರ ಎಚ್‌ಡಿ ರೆಡಿ. ಅದಕ್ಕೆ 4ಕೆ ಸ್ಟಿಕ್ ಕೊಡಿಸುವುದು ಅಡಿಕೆ ಕತ್ತರಿಸಲು ಕೊಡಲಿ ತಂದಂತೆ. 32 ಇಂಚು ಮೀರಿದ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ದೊಡ್ಡ ಟಿವಿ ಕೈಗೆಟುಕುವಂತಾಗಿದೆ, ಸರಿ. ಆದರೂ 4ಕೆ ಪೆಟ್ಟಿಗೆ ಕೊಳ್ಳಲು ಇರುವ ಒಳ್ಳೆಯ ಕಾರಣ ಚುಕ್ಕೆಯಲ್ಲ. ಅದರ ಚಿಪ್ ಹೊಸದು, ರ‍್ಯಾಮ್ ಹೆಚ್ಚು, ಎಚ್.265 ಸಲೀಸಾಗಿ ಬಿಡಿಸುತ್ತದೆ. ಆ ಕಾರಣಕ್ಕೆ ಐನೂರು, ಸಾವಿರ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಆ್ಯಪ್‌ಗಳ ವಲಸೆ

‘ಸ್ಮಾರ್ಟ್ ಟಿವಿನೇ ಐತಲ್ಲ, ಮತ್ಯಾಕೆ ಪೆಟ್ಟಿಗೆ?’ ಎಂಬುದು ನ್ಯಾಯವಾದ ಪ್ರಶ್ನೆ. ಕಲರ್ಸ್ ಕನ್ನಡದ ಬಿಗ್ ಬಾಸ್ ನೋಡುವವರು ಇದಕ್ಕೆ ಉತ್ತರ ಕೊಡಬಲ್ಲರು. 2016ರಲ್ಲಿ ಬಂದ ವೂಟ್ ಆ್ಯಪ್‌ನಲ್ಲಿ ಅವರು ನೋಡುತ್ತಿದ್ದರು. 2023ರಲ್ಲಿ ವೂಟ್ ಹೋಗಿ ಜಿಯೊಸಿನಿಮಾದೊಳಗೆ ಸೇರಿತು. 2025ರ ಫೆಬ್ರುವರಿಯಲ್ಲಿ ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೊಹಾಟ್‌ಸ್ಟಾರ್ ಆಯಿತು. ಒಂಬತ್ತು ವರ್ಷದಲ್ಲಿ ಒಂದೇ ಕಾರ್ಯಕ್ರಮಕ್ಕೆ ಮೂರು ಬಾಗಿಲು. ಟಿವಿಯ ಗಾಜು ಹತ್ತು ವರ್ಷ ಬಾಳುತ್ತದೆ, ಅದರೊಳಗಿನ ಸಾಫ್ಟ್‌ವೇರ್‌ಗೆ ಅಷ್ಟು ಆಯುಸ್ಸಿಲ್ಲ. ಹೊಸ ಆ್ಯಪ್ ಹಳೆಯ ಟಿವಿಗೆ ಬರುವುದಿಲ್ಲ, ಬಂದರೂ 1 ಜಿಬಿ ರ‍್ಯಾಮ್‌ನಲ್ಲಿ ಏದುಸಿರು ಬಿಡುತ್ತದೆ. ಆಗ ನಲವತ್ತು ಸಾವಿರದ ಟಿವಿ ಬದಲಿಸುವ ಬದಲು ಮೂರು ನಾಲ್ಕು ಸಾವಿರದ ಪೆಟ್ಟಿಗೆ ಬದಲಿಸಿದರಾಯಿತು.

ಬಾಗಿಲು ಬದಲಾಗುವುದು ಒಂದು ಕಡೆ. ಒಳಗಿರುವ ಸರಕೂ ನಮ್ಮ ಕೈಲಿಲ್ಲ. ‘ಕಾಂತಾರ’ 2022ರ ನವೆಂಬರ್ 24ರಂದು ಪ್ರೈಮ್ ವಿಡಿಯೊಗೆ ಬಂದಾಗ ಥಿಯೇಟರಿನಲ್ಲಿ ಮೈ ನವಿರೇಳಿಸಿದ್ದ ‘ವರಾಹ ರೂಪಂ’ ಹಾಡಿನ ರಾಗವೇ ಬೇರೆಯಾಗಿತ್ತು. ಕೃತಿಸ್ವಾಮ್ಯದ ಮೊಕದ್ದಮೆ ಕೋರ್ಟಿನಲ್ಲಿತ್ತು. ಆಮೇಲೆ ಮೂಲ ಹಾಡು ಮರಳಿತು. ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಚಂದಾ ಕಟ್ಟಿ ನೋಡುವ ಸಿನಿಮಾ ನಮ್ಮ ಮನೆಯ ಸೊತ್ತಲ್ಲ ಎಂಬುದು ಆ ವಾರ ಎಲ್ಲರಿಗೂ ಕಿವಿಯಾರೆ ಗೊತ್ತಾಯಿತು. ಹಳೆಯ ಒರಿಜಿನಲ್ ಡಿವಿಡಿಗಳನ್ನು ಎಸೆಯಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ನೆಟ್ ಹೋಗುವ ಮುಂಚೆಯೇ ಫೋನಿಗೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಎಂಬ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಅದು ಫೋನಿನಲ್ಲಿ ನೋಡಲು ಮಾತ್ರ. ಟಿವಿಗೆ ಕಾಸ್ಟ್ ಮಾಡುವಾಗ ಫೋನು ಸಿನಿಮಾ ಕಳಿಸುವುದಿಲ್ಲ, ವಿಳಾಸ ಹೇಳುತ್ತದೆ ಅಷ್ಟೆ. ಸಿನಿಮಾವನ್ನು ಟಿವಿ ತಾನೇ ನೆಟ್‌ನಿಂದ ತರಿಸಿಕೊಳ್ಳಬೇಕು. ಅದಕ್ಕೇ ನೆಟ್ ಇಲ್ಲದ ರಾತ್ರಿ ಡೌನ್‌ಲೋಡ್ ಆದ ಸಿನಿಮಾ ಕೈಯಲ್ಲಿದ್ದೂ ಟಿವಿಯಲ್ಲಿ ಕಾಣುವುದಿಲ್ಲ.

ಅಗ್ಗದ ಪೆಟ್ಟಿಗೆಯ ಹೊಟ್ಟೆಯಲ್ಲಿ

ಆನ್‌ಲೈನಿನಲ್ಲಿ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳು ಸಾವಿರದೈನೂರಕ್ಕೆ ಸಿಗುತ್ತವೆ. ‘8ಕೆ’, ‘ಸಾವಿರ ಚಾನೆಲ್ ಉಚಿತ’ ಎಂದು ಡಬ್ಬದ ಮೇಲೆ ಅಚ್ಚು. ಇವುಗಳಿಂದ ದೂರವಿರಿ. ಹಲವಕ್ಕೆ ಒಟಿಟಿ ಕಂಪನಿಗಳ ಮಾನ್ಯತೆ ಇಲ್ಲ. ವೈಡ್‌ವೈನ್ ಎಂಬ ಬೀಗದ ಎಲ್1 ದರ್ಜೆ ಇಲ್ಲದ ಪೆಟ್ಟಿಗೆಯಲ್ಲಿ ದುಡ್ಡು ಕೊಟ್ಟ ಸಿನಿಮಾವೂ ಎಚ್‌ಡಿಯಲ್ಲಿ ಬರದೆ ಮಬ್ಬಾಗಿ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಒಳಗಿದೆ. 2023ರ ಆರಂಭದಲ್ಲಿ ಟಿ95 ಎಂಬ ಅಗ್ಗದ ಪೆಟ್ಟಿಗೆಯನ್ನು ಬಿಚ್ಚಿ ಪರೀಕ್ಷಿಸಿದ ತಂತ್ರಜ್ಞರೊಬ್ಬರು ಕಾರ್ಖಾನೆಯಿಂದಲೇ ಅದರೊಳಗೆ ಕಳ್ಳ ಸಾಫ್ಟ್‌ವೇರ್ ಕೂತಿರುವುದನ್ನು ತೋರಿಸಿದರು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥ ಪೆಟ್ಟಿಗೆಗಳ ಬಗ್ಗೆ ಬ್ಯಾಡ್‌ಬಾಕ್ಸ್ 2.0 ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಮನೆಯ ವೈಫೈಗೆ ಸೇರಿದ ಪೆಟ್ಟಿಗೆ ನಮಗೆ ಗೊತ್ತಿಲ್ಲದೆ ಯಾರದೋ ಕಳ್ಳವ್ಯವಹಾರಕ್ಕೆ ನಮ್ಮ ನೆಟ್ಟನ್ನು ಬಳಸುತ್ತಿರುತ್ತದೆ. ಅದೇ ವೈಫೈನಲ್ಲಿ ಅಡಿಕೆ ಮಂಡಿಯ ಹಣ ಫೋನ್‌ಪೇಗೆ ಬರುತ್ತಿರುತ್ತದೆ ಎಂಬುದು ನೆನಪಿರಲಿ. ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಮಾರುವ ‘1 ಟಿಬಿ’ ಪೆನ್‌ಡ್ರೈವ್ ಕೂಡ ಇದೇ ಜಾತಿ. ಎಂಟೋ ಹದಿನಾರೋ ಜಿಬಿ ತುಂಬಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ.

ಹಾಗಾದರೆ ಯಾವುದು? ಹೆಸರಿರುವ ಕಂಪನಿಯ, ಗೂಗಲ್ ಟಿವಿ ಇರುವ, ಕನಿಷ್ಠ 2 ಜಿಬಿ ರ‍್ಯಾಮ್ ಮತ್ತು ಮಾಮೂಲು ಅಳತೆಯ ಯುಎಸ್‌ಬಿ ಕಿಂಡಿ ಇರುವ ಪೆಟ್ಟಿಗೆ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಫೈರ್ ಟಿವಿ ಸ್ಟಿಕ್ ಭಾರತಕ್ಕೆ 2017ರಲ್ಲಿ ಬಂದಾಗಿನಿಂದ ಊರೂರಿಗೆ ಹಬ್ಬಿದೆ, ಚೆನ್ನಾಗಿಯೂ ಓಡುತ್ತದೆ. ಆದರೆ ಅದಕ್ಕೆ ಪೆನ್‌ಡ್ರೈವ್ ಚುಚ್ಚಲು ಕಿಂಡಿಯಿಲ್ಲ, ಬೇರೆ ಒಟಿಜಿ ಕೇಬಲ್ ಹುಡುಕಬೇಕು. ಫೈಬರ್ ಗಟ್ಟಿಯಾಗಿರುವ ಪಟ್ಟಣದ ಮನೆಗೆ ಸ್ಟಿಕ್ ಸಾಕು. ಯಗಟಿ, ಶಿವನಿ, ಲಕ್ಕವಳ್ಳಿಯ ಆಚೆ ತೋಟದ ಮನೆ ಮಾಡಿಕೊಂಡವರಿಗೆ ಕಿಂಡಿ ಇರುವ ಪೆಟ್ಟಿಗೆಯೇ ಮೇಲು.

ಮನೆಯಲ್ಲಿ ಕಂಪ್ಯೂಟರ್ ಓದುವ ಹುಡುಗರಿದ್ದರೆ ಇನ್ನೊಂದು ಮಜಲು ಹತ್ತಬಹುದು. ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಮನೆಯ ವಿಡಿಯೊಗಳನ್ನೆಲ್ಲ ಅದಕ್ಕೆ ತುಂಬಿದರೆ ಪಡಸಾಲೆಯ ಟಿವಿ, ಕೋಣೆಯ ಫೋನು ಎಲ್ಲದರಲ್ಲೂ ನೋಡಬಹುದು. ಹೊರಗಿನ ಫೈಬರ್ ತುಂಡಾದರೂ ಮನೆಯೊಳಗಿನ ವೈಫೈ ನಡೆಯುತ್ತಲೇ ಇರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸಿಲ್ಲ. ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಾತ್ರ ಮೊದಲೇ ಯೋಚಿಸಿಕೊಳ್ಳಿ.

ರಿಮೋಟ್ ಯಾರ ಕೈಯಲ್ಲಿರುತ್ತದೆ ಎಂಬುದೂ ಆಯ್ಕೆಯ ಭಾಗವೇ. ಟಿವಿಗೊಂದು, ಡಿಶ್‌ಗೊಂದು, ಪೆಟ್ಟಿಗೆಗೊಂದು ಎಂದು ಮೂರು ರಿಮೋಟ್ ಎದುರಿಗಿಟ್ಟರೆ ಎಪ್ಪತ್ತು ದಾಟಿದವರು ಟಿವಿ ನೋಡುವುದನ್ನೇ ಬಿಡುತ್ತಾರೆ. ಪೆಟ್ಟಿಗೆಯ ರಿಮೋಟಿನಿಂದಲೇ ಟಿವಿ ಆನ್ ಆಗುವ, ಶಬ್ದ ಏರಿಸಲು ಬರುವ ಮಾದರಿ ಆರಿಸಿ. ಅಕ್ಷರ ಒತ್ತಿ ಹುಡುಕುವ ಕಷ್ಟಕ್ಕೆ ಫೋನು ಪರಿಹಾರ. 2017ರಿಂದ ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಬರುತ್ತದೆ. ಫೋನಿನ ಯೂಟ್ಯೂಬಿನಲ್ಲಿ ಬಾಯಲ್ಲೇ ಹೇಳಿ, ಸಿಕ್ಕಿದ್ದನ್ನು ಟಿವಿಗೆ ಕಾಸ್ಟ್ ಮಾಡಿದರಾಯಿತು.

ಮದುವೆ ವಿಡಿಯೊ ಮಾಡುವ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಸ್ಟುಡಿಯೊದವರಲ್ಲಿ ಒಂದು ಕೋರಿಕೆ. ನಿಮ್ಮ 4ಕೆ ಒರಿಜಿನಲ್ ಒಂದು ಫೋಲ್ಡರಿನಲ್ಲಿರಲಿ. ಜತೆಗೆ ಫುಲ್ ಎಚ್‌ಡಿಯಲ್ಲಿ, ಎಂಪಿ4 ಫೈಲಾಗಿ, ಎಚ್.264 ವಿಡಿಯೊ ಮತ್ತು ಎಎಸಿ ಶಬ್ದದಲ್ಲಿ ಇನ್ನೊಂದು ಪ್ರತಿ ಹಾಕಿಕೊಡಿ. ಇದು ಎಲ್ಲ ಟಿವಿಯಲ್ಲೂ ಓಡುತ್ತದೆ, ನಿಮಗೆ ಒಂದು ಎಕ್ಸ್‌ಪೋರ್ಟ್ ಹೆಚ್ಚಿಗೆ ಅಷ್ಟೆ. ಕೊಳ್ಳುವವರಿಗೆ ಹೇಳುವುದೂ ಇಷ್ಟೆ: ದೀಪಾವಳಿ ಸೇಲ್‌ಗೆ ಅಂಗಡಿಗೆ ಹೋಗುವಾಗ ಮನೆಯ ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅಂಗಡಿಯ ವೈಫೈ ಆಫ್ ಮಾಡಿಸಿ, ನಿಮ್ಮ ಫೈಲು ಹಾಕಿಸಿ, ಚಿತ್ರ ಶಬ್ದ ಎರಡೂ ಬಂದರೆ ಮಾತ್ರ ಬಿಲ್ ಮಾಡಿಸಿ.